ಪಾಂಡವರಾದ ಕಂಪನಿ ಕಲ್ಲುಗಳು

ಈ ಸಲ ದಸರೆಗೆ ಮುಂಚೆ ಆಳಂದದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಹಿತ್ತಲಲ್ಲಿ ಗೋಡೆಗೆ ಬಳಿಯಲೆಂದು ಸುಣ್ಣದ ಹರಳನ್ನು ಡಬ್ಬಿಗೆ ಹಾಕಿ ನೀರು ಹೊಯ್ದರು. ಅದು ಬುಸುಗುಡುತ್ತ ಕುದಿಯತೊಡಗಿತು, ಬಿಸಿ ಹಬೆಯ ಜೊತೆಗೆ ವಾಸನೆ ಅಡಿಗೆಮನೆಯವರೆಗೂ ಬಂತು. ನಾನು ಕೈಯಲ್ಲಿದ್ದ ಚಹಾ ಕೆಳಗಿಟ್ಟು, ಮುಂಬಾಗಿಲಿಗೆ ಹೋಗಿ ಬೀದಿ ನೋಡಿದೆ. ಒಂದು ಎಮ್ಮೆ ಬಿಟ್ಟರೆ ಬೀದಿಯಲ್ಲಿ ಯಾರೂ ಇರಲಿಲ್ಲ.

"ಯಾರ್ ಬರ್ತಾರಂತ ನೋಡಾಕತ್ತೀ ಯವ್ವಾ?" ಎಂದು ಮಗಳು ಕೇಳಿದಳು.

ಏನು ಹೇಳಲಿ? ನಾನು ಹಾವಿಗೆ ಹೆದರಿದವಳಲ್ಲ, ಕತ್ತಲೆಗೆ ಹೆದರಿದವಳಲ್ಲ, ಅತ್ತೆಗೆ ಹೆದರುವುದನ್ನಂತೂ ಮದುವೆಯಾದ ಎರಡನೇ ವರ್ಷಕ್ಕೇ ಬಿಟ್ಟೆ. ಆದರೆ ಸುಣ್ಣ ಅರಳುವ ವಾಸನೆ ಬಂದರೆ ಇವತ್ತಿಗೂ ನನ್ನ ಕಾಲು ತಾವಾಗಿಯೇ ಬಾಗಿಲಿಗೆ ಹೋಗುತ್ತವೆ. ಇದಕ್ಕೆ ಕಾರಣ ಒಂದು ಚಳಿಗಾಲ. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷದ್ದು, ನಮಗಲ್ಲ, ದೇಶಕ್ಕೆ. ನಾವು ಹೈದರಾಬಾದ್ ಸಂಸ್ಥಾನದವರು, ನಮ್ಮದು ಇನ್ನೂ ಒಂದು ವರ್ಷ ತಡ.

ನನ್ನ ತವರು ಖಜೂರಿಯ ಕಡೆ, ಸಂಸ್ಥಾನದ ಗಡಿಯ ಮಗ್ಗುಲಲ್ಲಿ. ಗಡಿಯಾಚೆ ಸೊಲ್ಲಾಪುರದ ಸೋದರಮಾವನ ಮನೆಯಲ್ಲಿದ್ದು ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಓದಿದ್ದೆ. ಹದಿನೇಳಕ್ಕೆ ಜೇವರ್ಗಿಯ ಆಚೆ, ಭೀಮಾ ಹೊಳೆಗೆ ಮುಕ್ಕಾಲು ಹರದಾರಿ ದೂರದ ಊರಿಗೆ ಕೊಟ್ಟರು. ಊರಿನ ಹೆಸರು ಬರೆಯುವುದಿಲ್ಲ. ಆ ಮನೆತನಗಳ ಮಂದಿ ಇನ್ನೂ ಇದ್ದಾರೆ. ಮನೆಯಲ್ಲಿ ನಾವು ಮೂವರೇ. ಅತ್ತೆ ನೀಲಮ್ಮ, ನಮ್ಮವರು, ನಾನು. ಅತ್ತೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮಾರು ದೂರದ ಮನುಷ್ಯನನ್ನು ದನಿಯಿಂದಲೇ ಗುರುತು ಹಿಡಿಯುತ್ತಿದ್ದಳು. ನಾಲಿಗೆ ಮಾತ್ರ ಕುಡುಗೋಲು.

ಆ ಊರಿನ ನೆಲ ಮೇಲೆ ಕರಿ ಎರಿ ಮಣ್ಣು, ಎರಡಾಳು ಕೆಳಗೆ ಬಿಳಿಯ ಸುಣ್ಣಗಲ್ಲು. ಜೋಳ ಆಳೆತ್ತರ ಬೆಳೆಯುತ್ತಿತ್ತು. ಇಡೀ ಊರಿಗೆ ಒಂದೇ ಸಿಹಿನೀರಿನ ಬಾವಿ, ಅದು ಆ ಸುಣ್ಣಗಲ್ಲನ್ನೇ ಕಡಿದು ಮಾಡಿದ ಮೆಟ್ಟಿಲ ಬಾವಿ. ಯಾವ ಬೇಸಗೆಯಲ್ಲೂ ಬತ್ತಿರಲಿಲ್ಲವಂತೆ. ಬಾವಿಗೆ ಅಂಟಿಕೊಂಡದ್ದು ನಮ್ಮ ಹೊಲ.

ದೀಪಾವಳಿಯ ಹೊತ್ತಿಗೆ ಆ ಸುಣ್ಣಗಲ್ಲನ್ನು ಹುಡುಕಿಕೊಂಡು ವಿಲಾಯ್ತಿ ಕಂಪನಿಯವರು ಬಂದರು. ಎರಡು ಡೇರೆ, ಒಬ್ಬ ಗೋರಾ ಸಾಹೇಬ, ಮೂರು ಕಾಲಿನ ದುರ್ಬೀನು, ಹತ್ತಾರು ಕೂಲಿಗಳು. ಸಾಹೇಬನ ಮಾತನ್ನು ನಮಗೆ, ನಮ್ಮ ಮಾತನ್ನು ಸಾಹೇಬನಿಗೆ ಮುಟ್ಟಿಸಲು ಖಾಸಿಂಸಾಬ ಎನ್ನುವ ಮುನ್ಷಿ. ಅವನು ಆಳಂದ ತಾಲೂಕಿನ ನರೋಣಾದವನು, ಮೂವತ್ತರ ಆಸುಪಾಸು, ತೆಳ್ಳಗಿನ ಆಳು. ಮಾತಾಡುವ ಮುಂಚೆ ಒಂದು ಸಲ ಹಿಂದೆ ತಿರುಗಿ ನೋಡುವ ಚಾಳಿ ಅವನಿಗೆ. ನಮಗೆ ಆಗ ಅದು ನಗೆಯ ವಿಷಯವಾಗಿತ್ತು. ನಾನು ಅವನ ಹಾಗೆ ತಿರುಗಿ ನೋಡಿ ತೋರಿಸಿ ಹೆಂಗಸರನ್ನು ನಗಿಸುತ್ತಿದ್ದೆ.

ನಗು ಹೆಚ್ಚು ದಿನ ಉಳಿಯಲಿಲ್ಲ. ಬಾವಿಯಿಂದ ನೂರು ಹೆಜ್ಜೆ ದೂರದಲ್ಲಿ ತಗ್ಗು ತೋಡಿ, ಕಲ್ಲಿನಲ್ಲಿ ತೂತು ಕೊರೆದು, ಮದ್ದು ತುಂಬಿ ಸುರಂಗ ಹಾರಿಸಿದರು. ಮೊದಲನೆಯ ಸದ್ದಿಗೆ ನಮ್ಮ ಮನೆಯ ನೆಲುವಿನ ಗಡಿಗೆ ಕೆಳಗೆ ಬಿತ್ತು. ಮೂರನೆಯ ದಿನ ನೀರು ಸೇದಲು ಹೋದವರು ಕೊಡ ಹಾಗೇ ಕೈಯಲ್ಲಿ ಹಿಡಿದು ನಿಂತರು. ಬಾವಿ ನೀರು ಮಜ್ಜಿಗೆಯಂತೆ ಬೆಳ್ಳಗಾಗಿತ್ತು. ಕಲ್ಲು ಒಳಗೊಳಗೇ ಬಿರಿದು ನೀರು ಬೇರೆ ದಾರಿ ಹಿಡಿಯಿತೋ ಏನೋ, ಎಂಟು ದಿನಕ್ಕೆ ಏಳು ಮೆಟ್ಟಿಲು ಇಳಿಯಿತು. ದನ ಮೂಸಿ ನೋಡಿ ಮುಖ ತಿರುವಿದವು. ಮಕ್ಕಳಿಗೆ ಹೊಟ್ಟೆನೋವು ಶುರುವಾಯಿತು.

ಹೊಳೆಗೆ ಹೋಗೋಣವೆಂದರೆ ಹೊಳೆಯ ದಾರಿಯ ಬೇವಿನ ತೋಪಿನಲ್ಲಿ ಖಾಕಿ ಅಂಗಿಯವರ ಠಾಣ್ಯ. ಸರ್ಕಾರದ ಸಿಪಾಯಿಗಳಲ್ಲ, ಸಂಸ್ಥಾನದ ಪರ ಎದ್ದ ದಂಡು, ಆದರೆ ಬಂದೂಕು ಇತ್ತು, ಕೇಳುವವರಿರಲಿಲ್ಲ. ಆಚೆ ಊರಿನ ಕುಂಬಾರನೊಬ್ಬನನ್ನು "ವಿಚಾರಣೆ" ಎಂದು ಕರೆದೊಯ್ದು ತಿಂಗಳಾಗಿತ್ತು. ಅವನ ಹೆಂಡತಿ ದಿನಾ ತೋಪಿನವರೆಗೆ ಬಂದು, ದೂರದಲ್ಲಿ ನಿಂತು, ತಿರುಗಿ ಹೋಗುತ್ತಿದ್ದಳು. ನಾವು ಹತ್ತು ಹನ್ನೆರಡು ಹೆಂಗಸರು ಒಟ್ಟಾಗಿ, ಮಾತಿಲ್ಲದೆ, ನೆಲ ನೋಡುತ್ತ ಹೋಗಿ ಕೊಡ ತುಂಬಿಕೊಂಡು ಬರುತ್ತಿದ್ದೆವು. ತೋಪು ದಾಟುವಾಗ ಯಾರೋ ಸೀಟಿ ಹೊಡೆದರೆ ನನ್ನ ಕೊಡದ ನೀರು ಅರ್ಧ ಸೆರಗಿನ ಮೇಲೆ ಬೀಳುತ್ತಿತ್ತು.

ಊರ ಗೌಡರು ನಾಲ್ಕು ಜನರನ್ನು ಕರೆದುಕೊಂಡು ಡೇರೆಗೆ ಹೋದರು. ನಮ್ಮವರೂ ಹೋಗಿದ್ದರು. ಸಾಹೇಬ ಎಲ್ಲ ಕೇಳಿ, ನಕ್ಕು, ಗೌಡರಿಗೆ ಒಂದು ಸಿಗರೇಟು ಕೊಟ್ಟನಂತೆ. ಖಾಸಿಂಸಾಬ ಹಿಂದೆ ತಿರುಗಿ ನೋಡಿ ಹೇಳಿದನಂತೆ: "ಸರ್ಕಾರದ ಹುಕುಂ ಅದ ಗೌಡ್ರ. ಕಲ್ಲು ನಟ್ಟು ಗಡಿ ಹಾಕ್ತಾರ. ಗಡಿ ಒಳಗ ಬಂದ ಹೊಲ ಎಲ್ಲ ಬ್ಯಾಸಗ್ಯಾಗ ಕಂಪನಿಗಿ. ಬಾವೀನೂ."

"ಕುಡಿಯೋ ನೀರ್ರಿ ಅದು, ಮುನ್ಷಿ ಸಾಬ್ರ."

"ನಾ ಹೇಳೇನ್ರಿ. ಅವರಿಗಿ ನೀರು ಬ್ಯಾಡ, ಕಲ್ಲು ಬೇಕು."

ಗೌಡರು ಸಿಗರೇಟನ್ನು ಕಿವಿಗೆ ಸಿಕ್ಕಿಸಿಕೊಂಡು ಹಿಂದಿರುಗಿದರು. ಎಲ್ಲರಿಗೂ ಬಾಯಿ ಮುಚ್ಚಿಕೊಂಡಿರಿ ಎಂದರು. ಅವರನ್ನು ಬೈಯುವುದು ಸುಲಭ. ಆದರೆ ಕುಂಬಾರನ ಸುದ್ದಿ ಅವರಿಗೂ ಗೊತ್ತಿತ್ತು.

ಹೀಗಿರುವಾಗ ಎಳ್ಳ ಅಮಾವಾಸ್ಯೆ ಬಂತು. ನಮ್ಮ ಕಡೆ ಆ ದಿನ ಊರೆಲ್ಲ ಹೊಲದಲ್ಲೇ. ನಿಂತ ಜೋಳದ ನಡುವೆ ದಂಟಿನ ಕೊಂಪೆ ಕಟ್ಟಿ, ಸುಣ್ಣ ಬಳಿದು ಕೆಂಪು ಜಾಜಿನ ಗೀಟು ಎಳೆದ ಐದು ಕಲ್ಲು ಅದರೊಳಗೆ ಕೂರಿಸುತ್ತಾರೆ. ಅವರೇ ಪಂಚ ಪಾಂಡವರು. ಪೂಜೆ ಮಾಡಿ, ಹೊಲದ ತುಂಬ ನೈವೇದ್ಯದ ಚರಗ ಚೆಲ್ಲಿ, ಆಮೇಲೆ ಊಟ. ನಮ್ಮ ಮನೆಯಲ್ಲಿ ಕಲ್ಲು ತರುವುದು ಸೊಸೆಯ ಕೆಲಸ. ಹಿಂದಿನ ವರ್ಷ ನಾನು ತವರಿನಲ್ಲಿದ್ದೆ, ಅತ್ತೆಯೇ ತಡವುತ್ತ ತಂದಿದ್ದಳಂತೆ, ಹಾಗಾಗಿ ನನಗದು ಮೊದಲ ಸಲ.

ಹೊತ್ತು ಮೂಡುವಾಗಲೇ ನಾನೊಬ್ಬಳೇ ಮುಂದಾಗಿ ಹೊಲಕ್ಕೆ ಹೋದೆ. ಹೋಗಿ ನೋಡಿದರೆ ಸುಣ್ಣದ ಕುಡಿಕೆ ಮನೆಯಲ್ಲೇ ಉಳಿದಿತ್ತು. ತಿರುಗಿ ಹೋದರೆ ಅತ್ತೆಯ ಬಾಯಿಗೆ ಬೀಳಬೇಕು. ಏನು ಮಾಡಲಿ ಎಂದು ಬದುವಿನ ಮೇಲೆ ನಡೆಯುತ್ತಿದ್ದಾಗ ಸುಣ್ಣ ಬಳಿದ ಕಲ್ಲೊಂದು ಕಂಡಿತು, ಅದರ ಮೇಲೆ ಕೆಂಪು ಗೀಟು ಕೂಡ. ಸ್ವಲ್ಪ ಮುಂದೆ ಇನ್ನೊಂದು. ಹೋದ ವರ್ಷದ ಪಾಂಡವರು ದನದ ಕಾಲಿಗೆ ಸಿಕ್ಕು ಚೆಲ್ಲಾಪಿಲ್ಲಿಯಾಗಿದ್ದಾರೆ ಎಂದುಕೊಂಡೆ. ಐದೂ ಸಿಕ್ಕವು. ಮಣ್ಣಿನಲ್ಲಿ ಗೇಣುದ್ದ ಊರಿದ್ದವು, ಅಲುಗಾಡಿಸಿ ಕಿತ್ತೆ. ಸುಣ್ಣ ಇನ್ನೂ ಹಸಿಯಿತ್ತು, ಅಂಗೈಗೆ ಅಂಟಿತು. ಆಗಲಾದರೂ ಬುದ್ಧಿ ಓಡಬೇಕಿತ್ತು. ಓಡಲಿಲ್ಲ. ಅತ್ತೆಯ ಬೈಗಳ ತಪ್ಪಿತಲ್ಲ ಎಂದು ಹಿಗ್ಗಿ, ಐವರನ್ನೂ ಕೊಂಪೆಯಲ್ಲಿ ಕೂರಿಸಿ ಅರಿಸಿನ ಕುಂಕುಮ ಹಚ್ಚಿದೆ.

ಕಂಪನಿಯವರು ಅಲ್ಲಿಯವರೆಗೆ ನೆಡುತ್ತಿದ್ದದ್ದು ಬಿದಿರಿನ ಗೂಟ. ಅವನ್ನು ಕಿತ್ತು ಕಲ್ಲು ಊರಿದ್ದು ಹಿಂದಿನ ಸಂಜೆ, ನಾವೆಲ್ಲ ಕಡುಬು ಹೋಳಿಗೆಯಲ್ಲಿ ಮುಳುಗಿದ್ದಾಗ.

ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಸಜ್ಜೆ ರೊಟ್ಟಿ, ಭಜ್ಜಿ, ಶೇಂಗಾ ಹೋಳಿಗೆ, ಅಂಬಲಿ. ಅಮಾವಾಸ್ಯೆಯ ದಿನ ಹೊಲದ ಬದುವಿನ ಮೇಲೆ ಹಾದುಹೋಗುವವರನ್ನು ಉಣ್ಣದೆ ಕಳಿಸುವ ಹಾಗಿಲ್ಲ. ಖಾಸಿಂಸಾಬ ಹೋಗುತ್ತಿದ್ದ.

"ಬರ್ರಿ ಮುನ್ಷಿ ಸಾಬ್ರ, ಒಂದ್ ತುತ್ತು ಉಂಡು ಹೋಗ್ರಿ," ಎಂದು ನಮ್ಮವರು ಕರೆದರು.

ಅವನು ಹಿಂದೆ ತಿರುಗಿ ನೋಡಿ, ಚಪ್ಪಲಿ ಬಿಟ್ಟು ಬಂದು ಕೂತ. ಹಸಿದಿದ್ದನೆಂದು ಕಾಣುತ್ತದೆ, ಎರಡು ರೊಟ್ಟಿ ಮಾತಿಲ್ಲದೆ ಉಂಡ. ಮೂರನೆಯದಕ್ಕೆ ಕೈ ಹಾಕಿದಾಗ ಅವನ ಕಣ್ಣು ಕೊಂಪೆಯೊಳಗೆ ಹೋಯಿತು. ತುತ್ತು ಬಾಯಲ್ಲೇ ನಿಂತಿತು.

"ಈ ಕಲ್ಲು ಯಾರು ತಂದಾರ?"

ಅವನ ಮುಖ ನೋಡಿಯೇ ನನಗೆ ಎಲ್ಲ ತಿಳಿಯಿತು. ನಾನು ತುಟಿ ತೆರೆಯುವ ಮೊದಲೇ ಅತ್ತೆ, "ನಾ ತಂದೀನಪ್ಪಾ. ಯಾಕ?" ಎಂದಳು.

ಖಾಸಿಂಸಾಬ ದನಿ ತಗ್ಗಿಸಿದ. "ಅವ್ವಾ, ಇವು ಗಡಿ ಕಲ್ಲು. ಕಾಯೋ ಕೆಲಸ ನಂದು. ಮೂರನೇ ದಿನ ಕಲಬುರ್ಗಿಯಿಂದ ದೊಡ್ಡ ಸಾಹೇಬ ಬರ್ತಾನ ನಕಾಶಿ ತಗೊಂಡು. ಖಾಕಿ ಮಂದೀನೂ ಬರ್ತಾರ. ಕಲ್ಲು ಕಿತ್ತಿದ್ದು ಸರ್ಕಾರದ ಮ್ಯಾಲ ಕೈ ಮಾಡಿದಂಗ ಅಂತಾರ. ಮುದುಕೀನ ಒಯ್ಯಂಗಿಲ್ಲ ಅವರು." ನಮ್ಮವರ ಕಡೆ ನೋಡಿದ. ಆಮೇಲೆ ಎದ್ದ. "ನಾ ಏನೂ ನೋಡಿಲ್ಲ. ನೀವೂ ನನ್ನ ನೋಡಿಲ್ಲ."

ನಮ್ಮವರಿಗೆ ಆಗ ಇಪ್ಪತ್ತಮೂರು. ಅವತ್ತು ಸಂಜೆ ಕಲ್ಲುಗಳನ್ನು ತಿರುಗಿ ಊರಲು ಹೋದೆವು. ಆದರೆ ಚಳಿಗಾಲದ ಎರಿ ನೆಲ ನೋಡಿದವರಿಗೆ ಗೊತ್ತು, ಬಿರುಕು ಬಿಟ್ಟ ಆ ನೆಲದಲ್ಲಿ ಯಾವುದು ಕಿತ್ತ ಗುಣಿ, ಯಾವುದು ತಾನಾಗಿ ಬಾಯಿಬಿಟ್ಟದ್ದು ಎಂದು ತಿಳಿಯುವುದಿಲ್ಲ. ಮೇಲಾಗಿ ನಾವೆಲ್ಲ ಅದರ ಮೇಲೆ ಓಡಾಡಿ ಚರಗ ಚೆಲ್ಲಿದ್ದೆವು. ಒಂದರ ಜಾಗವೂ ಸಿಗಲಿಲ್ಲ.

"ಇಕಿ ತವರಿಗಿ ಹೋಗೂಣು. ಖಜೂರಿ ದಾಟಿದ್ರ ಸೊಲ್ಲಾಪುರ," ಎಂದರು ನಮ್ಮವರು.

"ಓಡಿದ್ರ ಕಳ್ಳರು ನಾವೇ ಅಂತ ಸಹಿ ಮಾಡಿ ಕೊಟ್ಟಂಗ," ಅತ್ತೆ ಅಂದಳು. "ದಾರ್ಯಾಗ ಹಿಡೀತಾರ. ಸುಮ್ನ ಕೂಡು."

ಮಗ ಹೊರಗೆ ಹೋದ ಮೇಲೆ ನಾನು ಅವಳ ಕಾಲ ಬಳಿ ಕೂತು ಕಣ್ಣೀರು ಹಾಕಿದೆ. ಅವಳು ಸಮಾಧಾನದ ಮಾತು ಆಡಲಿಲ್ಲ. "ನೀ ಅಂತ ಗೊತ್ತಾದ್ರ ನನ್ನ ಮಗ ನಿನ್ನ ಮುಂದ ಹೋಗಿ ನಿಲ್ತಾನ. ನಾ ಅಂದ್ರ ಕುರುಡಿ ಅಂತ ಬಿಡಬಹುದು. ಬಾಯಿ ಹೊಲ್ಕೊಂಡು ಇರು ಬೇ," ಎಂದಳು. ಅವಳು ಬೈದದ್ದು ಅಷ್ಟೇ. ಇನ್ನೂ ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ಅವಳು ನನ್ನ ಹೆಗಲು ಹಿಡಿದುಕೊಂಡು ಬಾವಿಯ ಕಟ್ಟೆಗೆ ಬಂದಳು. ಬಿಳಿ ನೀರು ತಿಳಿಯಾಗಲೆಂದು ಕಾಯುತ್ತ ಹೆಂಗಸರು ಕೂತಿದ್ದರು. ಅತ್ತೆ ಮುಚ್ಚುಮರೆ ಮಾಡದೆ ಹೇಳಿದಳು: "ನಾನು ಕಂಪನಿ ಕಲ್ಲು ಕಿತ್ತು ಪಾಂಡವರನ್ನು ಮಾಡೀನಿ, ನಾಡಿದ್ದು ಬಂದು ನನ್ನ ಮಗನ್ನ ಒಯ್ತಾರ." ಇಬ್ಬರು ಹೆಂಗಸರು ಕೊಡ ಎತ್ತಿಕೊಂಡು ಎದ್ದೇಬಿಟ್ಟರು. ನಮ್ಮ ನೆರಳು ಬಿದ್ದರೂ ಕೇಡು ಎನ್ನುವ ಹಾಗೆ.

ಸುಣ್ಣದ ಭಟ್ಟಿಯ ಹುಸೇನಬಿ ಮಾತ್ರ ಕೂತೇ ಇದ್ದಳು. ಗಂಡ ಸತ್ತ ಮೇಲೆ ಭಟ್ಟಿ ನಡೆಸುತ್ತಿದ್ದವಳು ಅವಳೇ. ಆಕೆ ಕೇಳಿದಳು, "ಪಾಂಡವರು ನಿಮ್ಮೊಂದೇ ಹೊಲದಾಗ ಅದಾರೇನ್ ನೀಲಮ್ಮ? ಎಲ್ಲರ ಹೊಲದಾಗೂ ಐದೈದು ಅವ. ಸಾಹೇಬಗ ಯಾವುದು ಅವಂದು, ಯಾವುದು ನಿಮ್ದು ಅಂತ ಹ್ಯಾಂಗ ತಿಳೀತದ?"

ಕೊಡ ಎತ್ತಿದವರು ಕೊಡ ಇಳಿಸಿದರು.

"ಉಳಿದ ಗಡಿ ಕಲ್ಲು ಹಂಗೇ ಅವಾವಲ್ಲ," ಒಬ್ಬಳು ಅಂದಳು.

"ಅವೂ ಪಾಂಡವರೇ ಆಗ್ಲಿ. ಬದು ತುಂಬ ಪಾಂಡವರೇ ಆಗ್ಲಿ. ಹರಳು ನಾ ಕೊಡ್ತೇನಿ. ಬಾವಿ ನೀರು ನಾನೂ ಕುಡೀತೇನಿ ಬೇ."

ಅವಳು ಎರಡು ಬುಟ್ಟಿ ಹರಳು ತಂದು ನಮ್ಮ ಹಿತ್ತಲಲ್ಲಿ ಸುರಿದಳು. ಮಣ್ಣಿನ ಬಾನಿಗೆ ಹಾಕಿ ನೀರು ಹೊಯ್ದಾಗ ಅದು ಕುದಿದ ಸದ್ದು ತೋಪಿನವರೆಗೆ ಕೇಳುತ್ತದೆ ಎನ್ನಿಸಿತು. ಹಬೆ ಗೋಡೆ ದಾಟಿ ಮೇಲೇಳುತ್ತಿತ್ತು. ನಾನು ಎರಡೆರಡು ನಿಮಿಷಕ್ಕೆ ಮುಂಬಾಗಿಲಿಗೆ ಓಡಿ ಬೀದಿ ನೋಡುತ್ತಿದ್ದೆ. ಯಾರೂ ಬರಲಿಲ್ಲ. ಸಾಹೇಬ ಶಿಕಾರಿಗೆ ಅಫಜಲಪುರದ ಕಡೆ ಹೋಗಿದ್ದ, ಕೂಲಿಗಳು ಕುಡಿದು ಮಲಗಿದ್ದರು. ಖಾಸಿಂಸಾಬ ಡೇರೆಯ ಮುಂದೆ ನಮ್ಮ ಕಡೆ ಬೆನ್ನು ಹಾಕಿ ಇಡೀ ದಿನ ಕೂತಿದ್ದನೆಂದು ಆಮೇಲೆ ಗೊತ್ತಾಯಿತು. ಹೆಂಗಸರು ಬುತ್ತಿಯ ಬುಟ್ಟಿಯಲ್ಲಿ ಸುಣ್ಣದ ಗಡಿಗೆ ಇಟ್ಟು, ಮೇಲೆ ಬಟ್ಟೆ ಮುಚ್ಚಿ ಹೊಲಗಳಿಗೆ ಹೋದರು. ಸಂಜೆಯೊಳಗೆ ಊರಿನ ಒಂದು ಬದುವೂ ಬರಿದಾಗಿರಲಿಲ್ಲ.

ನನ್ನ ಪೆದ್ದತನ ಊರಿನ ಹಟವಾಯಿತು. ಆದರೆ ಹಟದಿಂದ ಹೆದರಿಕೆ ಹೋಗುತ್ತದೆ ಎಂದು ಹೇಳುವವರು ಎಂದೂ ಹೆದರಿದವರಲ್ಲ. ಅವತ್ತು ಯಾರ ಮನೆಯಲ್ಲೂ ಒಲೆ ಸರಿಯಾಗಿ ಉರಿಯಲಿಲ್ಲ.

ಮೂರನೆಯ ದಿನ ಜೀಪು ಬಂತು, ಹಿಂದೆ ಖಾಕಿಯವರ ಲಾರಿ. ದೊಡ್ಡ ಸಾಹೇಬ ನಕಾಶೆ ಬಿಚ್ಚಿ ಹೊಲಕ್ಕೆ ಇಳಿದ. ಎತ್ತ ನೋಡಿದರೂ ಬಿಳಿ ಕಲ್ಲು, ಮೇಲೆ ಕೆಂಪು ಗೀಟು, ಅರಿಸಿನ ಕುಂಕುಮ, ಒಣಗಿದ ಹೂ. ನೂರಾರು ಇದ್ದವು. ಅವನು ಒಂದರಿಂದ ಇನ್ನೊಂದಕ್ಕೆ ಹೋದ, ನಕಾಶೆ ತಿರುಗಿಸಿ ಹಿಡಿದ, ದುರ್ಬೀನು ತರಿಸಿದ. ಮುಖ ಕೆಂಪಗಾಯಿತು. ಖಾಕಿಯವರ ಮುಖಂಡ ಬಂದೂಕಿನ ತುದಿಯಿಂದ ಕಲ್ಲು ತೋರಿಸಿ ಒಬ್ಬೊಬ್ಬ ಹೆಂಗಸನ್ನೇ ಕೇಳುತ್ತ ಬಂದ, ಇದೇನು? ಎಲ್ಲರೂ ಒಂದೇ ಮಾತು ಹೇಳಿದರು: "ಪಾಂಡವರ್ರಿ." ನನ್ನ ಸರದಿ ಬಂದಾಗ ಅತ್ತೆ ನನ್ನ ಬೆನ್ನಿಗೆ ಚಿವುಟಿದಳು. "ಪಾಂಡವರು," ಎಂದೆ.

ಆಮೇಲೆ ಅವನು ಖಾಸಿಂಸಾಬನ ಕಡೆ ತಿರುಗಿದ. ಮೊದಲು ಕಿತ್ತವರು ಯಾರು? ಯಾರ ಹೊಲ?

ಖಾಸಿಂಸಾಬ ನಿಂತದ್ದು ನಮ್ಮ ಹೊಲದ ಬದುವಿನ ಮೇಲೆಯೇ. ನಮ್ಮವರು ನಾಲ್ಕು ಹೆಜ್ಜೆ ಆಚೆ. ಆ ಒಂದು ಗಳಿಗೆಯಲ್ಲಿ ನಾನು ಮನಸ್ಸಿನಲ್ಲೇ ಬಳೆ ಒಡೆದುಕೊಂಡೆ. ಅವತ್ತು ಅವನು ಹಿಂದೆ ತಿರುಗಿ ನೋಡಲಿಲ್ಲ. "ಗೊತ್ತಿಲ್ಲ ಹುಜೂರ್. ಇದು ಇಲ್ಲಿಯ ದಸ್ತೂರು. ಪ್ರತಿ ವರ್ಷ ಎಲ್ಲ ಹೊಲದಾಗೂ ಇಡ್ತಾರ," ಎಂದು ಉರ್ದುವಿನಲ್ಲಿ ಒಮ್ಮೆ, ನಮಗೆ ಕೇಳಲೆಂದೋ ಏನೋ ಕನ್ನಡದಲ್ಲಿ ಒಮ್ಮೆ ಹೇಳಿದ. ಬಂದೂಕಿನ ಹಿಡಿ ಅವನ ಬಾಯಿಗೆ ಬಿತ್ತು. ಕಲ್ಲು ಕಾಯಬೇಕಾದವನು ಊರಿನವರ ಜೊತೆ ಸೇರಿದ್ದಾನೆ ಎಂದರು. ಲಾರಿಗೆ ಎಳೆದು ಹಾಕಿಕೊಂಡು ಹೋದರು. ಚಪ್ಪಲಿ ಬದುವಿನ ಮೇಲೆಯೇ ಉಳಿದವು.

ಗಡಿಯನ್ನು ಮೊದಲಿನಿಂದ ಅಳೆಯಬೇಕಾಯಿತು. ಅಷ್ಟರಲ್ಲಿ ದಾರಿಗಳಲ್ಲಿ ಗಲಾಟೆ ಹೆಚ್ಚಿತು, ಬೇಸಗೆಗೆ ಸಾಹೇಬ ಮುಂಬಯಿಗೆ ಹೋದ, ಮತ್ತೆ ಬರಲಿಲ್ಲ. ಮುಂದಿನ ಮಳೆಗಾಲದ ಕೊನೆಗೆ ಹಿಂದೂಸ್ತಾನದ ಫೌಜು ಬಂತು, ಖಾಕಿಯವರು ಅಂಗಿ ಕಳಚಿ ಓಡಿದರು. ಬಾವಿಯ ನೀರು ಆ ಮಳೆಯಲ್ಲಿ ತಿಳಿಯಾಯಿತು. ಎಲ್ಲ ಏಳು ಮೆಟ್ಟಿಲೂ ಅಲ್ಲ, ಐದು ಮೆಟ್ಟಿಲು ಏರಿ ಬಂತು. ಅತ್ತೆ ಆ ನೀರು ಕುಡಿದು, ಶ್ರಾವಣ ಕಳೆದು, ತೀರಿಕೊಂಡಳು. ಕಲ್ಲು ತಂದವಳು ತಾನೇ ಎನ್ನುವ ಮಾತನ್ನು ಕೊನೆಯವರೆಗೂ ಬದಲಿಸಲಿಲ್ಲ. ನಾನೂ ಬದಲಿಸಲಿಲ್ಲ.

ನಾಲ್ಕು ತಿಂಗಳು ತುರಂಗದಲ್ಲಿದ್ದು ಖಾಸಿಂಸಾಬ ನರೋಣಾಕ್ಕೆ ಮರಳಿದ್ದಾನೆ ಎಂದು ಬಳೆಗಾರನಿಂದ ತಿಳಿಯಿತು. ಮರು ವರ್ಷದ ಎಳ್ಳ ಅಮಾವಾಸ್ಯೆಯ ಮಾರನೆಯ ದಿನ ರೊಟ್ಟಿ, ಹೋಳಿಗೆ, ಭಜ್ಜಿ ಕಟ್ಟಿಕೊಂಡು, ಕಲಬುರ್ಗಿಗೆ ಹೋಗಿ ಬಸ್ಸು ಬದಲಿಸಿ, ನಾವಿಬ್ಬರೂ ಅಲ್ಲಿಗೆ ಹೋದೆವು.

ಹೆದರಿಕೆ ಮನೆ ಬದಲಿಸಿತ್ತು. ಖಾಕಿಯವರು ಮಾಡಿದ್ದಕ್ಕೆ ಈಗ ಸಾಬರ ಮೇಲೆ ಸೇಡು. ಸಾಬರ ಓಣಿಯಲ್ಲಿ ಹಗಲು ಹೊತ್ತಿನಲ್ಲೇ ಬಾಗಿಲು ಮುಚ್ಚಿದ್ದವು, ಕೆಲವು ಮನೆಗಳ ಗೋಡೆ ಸುಟ್ಟು ಕಪ್ಪಾಗಿದ್ದವು. ಓಣಿಯ ಬಾಯಲ್ಲಿ ಕೂತಿದ್ದ ನಾಲ್ಕೈದು ಜನ ನಮ್ಮನ್ನು ತಡೆದರು.

"ಯಾರ ಮನಿ ಬೇಕು?"

"ಖಾಸಿಂಸಾಬ್ರದು."

"ಕಂಪನಿ ಮುನ್ಷಿ?" ಒಬ್ಬ ನಕ್ಕ. "ಜೇವರ್ಗಿ ಕಡೆ ಖಾಕಿ ಮಂದೀನ ಕರಕೊಂಡು ತಿರಗಿದಾಂವ. ನೀವೂ ಸೇಡು ತೀರಸ್ಕೋಳಾಕ ಬಂದೀರೇನು? ಬರ್ರಿ, ತೋರಸ್ತೀವಿ. ನಾಳೆ ಚಾವಡಿಗಿ ಎಳಕೊಂಡು ಬರೋದದ ಅವನ್ನ."

ಅವರು ನಮ್ಮ ಹಿಂದೆಯೇ ಬಂದರು. ನಮ್ಮವರು ಬಾಗಿಲು ಬಡಿದರು. ಬಹಳ ಹೊತ್ತಿನ ಮೇಲೆ ಒಳಗಿನಿಂದ ಹೆಂಗಸಿನ ದನಿ, "ಮನ್ಯಾಗ ಯಾರೂ ಇಲ್ರಿ. ಊರಿಗಿ ಹೋಗ್ಯಾರ್ರಿ." ಅದರ ಹಿಂದೆಯೇ ಗಂಡಸೊಬ್ಬ ಕೆಮ್ಮು ತಡೆಹಿಡಿದ ಸದ್ದು. ಎಲ್ಲರಿಗೂ ಕೇಳಿತು. ಹಿಂದೆ ನಿಂತವರು ಒಬ್ಬರನ್ನೊಬ್ಬರು ನೋಡಿ ನಕ್ಕರು.

ಆ ನಗೆಗೆ ನನಗೆ ಬೇವಿನ ತೋಪು ನೆನಪಾಯಿತು. ಆದರೂ ಬಾಗಿಲಿಗೆ ಬೆನ್ನು ಮಾಡಿ, ಓಣಿಯ ಕಡೆ ತಿರುಗಿ, ಸುತ್ತಲಿನ ಮನೆಗಳಿಗೂ ಕೇಳಲಿ ಎಂದು ಕೂಗಿ ಹೇಳಿದೆ: "ಕಂಪನಿ ಕಲ್ಲು ಕಿತ್ತಾಕಿ ನಾನು. ನನ್ನತ್ತಿ ಅಲ್ಲ, ನಾನು. ಈ ಮನಿ ಮುನ್ಷಿ ಸಾಬ್ರು ನಮ್ಮ ಹೊಲದಾಗ ಉಂಡು ಎಲ್ಲ ನೋಡಿದ್ರು. ಖಾಕಿ ಮಂದಿ ಬಾಯಿ ಒಡೆದ್ರೂ ನಮ್ಮ ಹೆಸರು ಹೇಳ್ಲಿಲ್ಲ. ನನ್ನ ಗಂಡ ಇಲ್ಲಿ ನಿಂತಾನಲ್ಲ, ಇವರಿಂದ ನಿಂತಾನ. ಚಾವಡಿಗಿ ಒಯ್ಯೋದಿದ್ರ ಮೊದಲ ನನ್ನ ಒಯ್ರಿ."

ನಮ್ಮವರು ನನ್ನ ಮುಖವನ್ನೇ ನೋಡುತ್ತಿದ್ದರು. ಒಂದು ವರ್ಷ ಅವರಿಗೆ ಹೇಳಿರಲಿಲ್ಲ, ಓಣಿಗೆಲ್ಲ ಹೇಳಿದ್ದೆ. ಆ ಜನ ತುಸು ಹಿಂದೆ ಸರಿದರು, ಹೋಗಲಿಲ್ಲ. ಕಟ್ಟೆಯ ಮೇಲೆ ಹೋಗಿ ಕೂತು ನೋಡುತ್ತಿದ್ದರು.

ಬಾಗಿಲು ನಾಲ್ಕು ಬೆರಳು ತೆರೆಯಿತು. ಖಾಸಿಂಸಾಬನ ಮುಂದಿನ ಹಲ್ಲುಗಳು ಇರಲಿಲ್ಲ. "ಅವತ್ತೇ ಗೊತ್ತಿತ್ತು ತಾಯಿ," ಎಂದ. "ನಿಮ್ಮತ್ತಿಗಿ ತಾಟಿನಾಗಿನ ರೊಟ್ಟಿನೇ ಕಾಣ್ತಿರಲಿಲ್ಲ, ಬದುವಿನ ಕಲ್ಲು ಹ್ಯಾಂಗ ಕಾಣ್ತಾವ?" ಬುತ್ತಿ ತೆಗೆದುಕೊಂಡ. ಬಾವಿ ನೀರು ತಿಳಿಯಾಯಿತೇ ಎಂದು ಕೇಳಿದ. ಆಮೇಲೆ ಕಟ್ಟೆಯ ಕಡೆ ನೋಡಿ, "ಆಯ್ತು, ಹೋಗ್ರಿ ಇನ್ನ. ಸಂಜಿ ಬಸ್ಸಿಗಿ ಹೊತ್ತಾತು. ಇದರ ಮ್ಯಾಲ ಬಸ್ಸಿಲ್ಲ," ಎಂದ.

ನಮ್ಮವರು ರುಮಾಲು ಬಿಚ್ಚಿ ಪಕ್ಕಕ್ಕಿಟ್ಟು, ಖಾಸಿಂಸಾಬನ ಹೊಸ್ತಿಲ ಮೇಲೆ ಕೂತರು. "ಒಂದ್ ತಂಬಗಿ ನೀರು ಕೊಡ್ರಿ ಮುನ್ಷಿ ಸಾಬ್ರ," ಎಂದರು. ನಾನೂ ಪಕ್ಕದಲ್ಲಿ ಕೂತೆ. ಎದುರಿನ ಕಟ್ಟೆಯವರು ನಮ್ಮನ್ನು ನೋಡುತ್ತಿದ್ದರು, ನಾವು ಅವರನ್ನು ನೋಡುತ್ತಿದ್ದೆವು. ಬಸ್ಸು ಬಂದು ಊರ ಮುಂದೆ ನಿಂತು ಹಾರ್ನು ಹೊಡೆಯಿತು. ಹೊರಟ ಸದ್ದು ಕೇಳಿತು. ನಾವು ಏಳಲಿಲ್ಲ.